ಕಪ್ಪು ತೆರೆಯ ಮೇಲಿನ ಬಿಳಿಯ ಸಾಲುಗಳು

೨೦೨೫ನೆಯ ಇಸವಿಯ ಅಕ್ಟೋಬರ್ ೧೪ರಂದು ಕೊಳ್ಳೇಗಾಲದ ಪೇಟೆಯಲ್ಲಾಗಲಿ, ಯಳಂದೂರಿನ ಬೀದಿಗಳಲ್ಲಾಗಲಿ, ಹನೂರಿನ ಬಸ್ಸು ನಿಲ್ದಾಣದಲ್ಲಾಗಲಿ ಯಾವ ಗದ್ದಲವೂ ಆಗಲಿಲ್ಲ. ಆದರೂ ಅಂದು ಆ ಊರುಗಳ ಎಷ್ಟೋ ಮನೆಗಳಲ್ಲಿದ್ದ ಗಣಕಯಂತ್ರಗಳು ಒಂದೇ ರಾತ್ರಿಯಲ್ಲಿ ಮುದಿಯಾದವು. ವಿಂಡೋಸ್ ೧೦ ಎಂಬ ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತ ಬಂದಿದ್ದ ಮಾಮೂಲು ಬೆಂಬಲ ಅಂದಿಗೆ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ರಕ್ಷಣೆ ದೊರೆಯಿತೆಂಬುದು ನಿಜ. ಆದರೆ ಅದು ವಾಯಿದೆಯೇ ಹೊರತು ಪರಿಹಾರವಲ್ಲ. ವಿಂಡೋಸ್ ೧೧ಕ್ಕೆ ಏರೋಣವೆಂದರೆ ಅದು ಟಿ.ಪಿ.ಎಂ. ೨.೦ ಎಂಬ ರಕ್ಷಣಾ ಅಂಗವನ್ನೂ ತನ್ನ ಪಟ್ಟಿಯಲ್ಲಿ ಹೆಸರಿರುವ ಪ್ರೊಸೆಸರನ್ನೂ ಕೇಳುತ್ತದೆ. ೨೦೧೭ಕ್ಕಿಂತ ಮೊದಲು ಕೊಂಡ ಹೆಚ್ಚಿನ ಯಂತ್ರಗಳಿಗೆ ಆ ಬಾಗಿಲು ಮುಚ್ಚಿದೆ.

ಮಗಳ ಓದಿಗೆಂದು ಕೊಂಡದ್ದು. ಕೀಲಿಮಣೆಯ ಎರಡು ಅಕ್ಷರ ಸವೆದಿವೆಯೆಂಬುದನ್ನು ಬಿಟ್ಟರೆ ಬೇರೆ ದೋಷವಿಲ್ಲ. ತಾತನ ಷಷ್ಟ್ಯಬ್ದಿಯ ಚಿತ್ರಗಳು, ಜಮೀನಿನ ಪಹಣಿಯ ಪ್ರತಿಗಳು, ಮಕ್ಕಳ ಅಂಕಪಟ್ಟಿಗಳು ಎಲ್ಲವೂ ಅದರ ಹೊಟ್ಟೆಯಲ್ಲಿವೆ. ಇಂಥ ಯಂತ್ರವನ್ನು ಗುಜರಿಗೆ ಹಾಕಬೇಕೆ? ಬೇಕಿಲ್ಲ. ಯುನಿಕ್ಸ್ ಮನೆತನಕ್ಕೆ ಸೇರಿದ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಅದರಲ್ಲಿ ಸ್ಥಾಪಿಸಬಹುದು. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಹಳೆಯ ಯಂತ್ರವೂ ಅದನ್ನು ಸುಲಭವಾಗಿ ಹೊರುತ್ತದೆ.

ಆದರೆ ಸ್ಥಾಪಿಸಲು ಕುಳಿತವರಲ್ಲಿ ಹಲವರು ನಡುದಾರಿಯಲ್ಲಿಯೇ ಕೈಚೆಲ್ಲುವುದುಂಟು. ಚಂದದ ಚಿತ್ರ ಕಾಣಬೇಕಾಗಿದ್ದಲ್ಲಿ ಕಪ್ಪು ತೆರೆ ಕಾಣುತ್ತದೆ. ಅದರ ಮೇಲೆ ಬಿಳಿಯ ಇಂಗ್ಲಿಷ್ ಸಾಲುಗಳು ಸರಸರನೆ ಓಡುತ್ತವೆ. ಗೃಹಸ್ಥನಿಗೆ ಎದೆ ಧಸಕ್ಕೆನ್ನುತ್ತದೆ. ಯಂತ್ರ ಕೆಟ್ಟಿತೆಂದು ವಿದ್ಯುತ್ತಿನ ಗುಂಡಿಯನ್ನೇ ಒತ್ತಿಬಿಡುತ್ತಾನೆ. ನಿಜಸ್ಥಿತಿ ಬೇರೆ. ಆ ಸಾಲುಗಳು ಯಂತ್ರ ಕೆಟ್ಟುದರ ಗುರುತಲ್ಲ. ತನಗೆ ಎಲ್ಲಿ ತೊಡಕಾಯಿತೆಂದು ಯಂತ್ರವೇ ಹೇಳುತ್ತಿರುವ ಮಾತು ಅದು. ಆ ಮಾತನ್ನು ಓದುವ ತಾಳ್ಮೆಯಿದ್ದವನಿಗೆ ಮುಕ್ಕಾಲು ದುರಸ್ತಿ ಆದಂತೆಯೇ.

ಮನೆತನದ ಕಥೆ

೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು ಯುನಿಕ್ಸನ್ನು ರೂಪಿಸಲು ಮೊದಲು ಮಾಡಿದರು. ಒಂದೊಂದು ಕೆಲಸಕ್ಕೆ ಒಂದೊಂದು ಚಿಕ್ಕ ಉಪಕರಣ, ಆ ಉಪಕರಣಗಳು ಪರಸ್ಪರ ಮಾತನಾಡುವುದು ಓದಬಲ್ಲ ಅಕ್ಷರಗಳಲ್ಲಿ: ಇದು ಆ ಮನೆತನದ ಕುಲಧರ್ಮ. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಎಲ್ಲರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದಂಥ ‘ಗ್ನು’ ಯೋಜನೆಯನ್ನು ಘೋಷಿಸಿದರು. ೧೯೯೧ರಲ್ಲಿ ಹೆಲ್ಸಿಂಕಿಯ ೨೧ ವರ್ಷದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದರು. ಇವೆರಡೂ ಕೂಡಿ ೧೯೯೩ರಲ್ಲಿ ಡೆಬಿಯನ್, ೨೦೦೪ರಲ್ಲಿ ಉಬುಂಟು ಮೊದಲಾದ ಸಿದ್ಧರೂಪಗಳು ಬಂದವು. ಲಿನಕ್ಸ್ ಎಂದರೆ ಅಪರಿಚಿತ ವಸ್ತುವೆಂದು ತಿಳಿಯುವವರು ತಮ್ಮ ಕಿಸೆಯನ್ನು ಮುಟ್ಟಿ ನೋಡಿಕೊಳ್ಳಬಹುದು. ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ.

ಕರ್ನಾಟಕದ ಸರ್ಕಾರಿ ಶಾಲೆಗಳಿಗೂ ಇದು ಹೊಸದಲ್ಲ. ೨೦೧೧ರಿಂದ ಶಿಕ್ಷಣ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಉಬುಂಟುವೇ ಬಳಕೆಯಾಯಿತು. ಗಣಿತ, ವಿಜ್ಞಾನ, ಸಮಾಜ ಪಾಠ ಹೇಳುವ ಮೇಷ್ಟರುಗಳು ಅದರಲ್ಲಿ ಕೈಪಳಗಿಸಿಕೊಂಡರೆಂಬುದು, ಇದು ಎಂಜಿನಿಯರುಗಳ ಸೊತ್ತು ಮಾತ್ರವೆಂಬ ಅಳುಕಿಗೆ ತಕ್ಕ ಉತ್ತರ.

ಮಗ್ಗ ಹೇಳಿಕೊಡುವ ಪಾಠ

ರೇಷ್ಮೆ ಸೀರೆಗೆ ಹೆಸರಾದ ಕೊಳ್ಳೇಗಾಲದಲ್ಲಿ ದೋಷ ಹುಡುಕುವ ವಿದ್ಯೆಯನ್ನು ಬೇರೆಲ್ಲಿಂದಲೋ ತರಿಸಬೇಕಾಗಿಲ್ಲ. ನೇಯ್ದ ಬಟ್ಟೆಯಲ್ಲಿ ಉದ್ದಕ್ಕೂ ಒಂದು ಗೆರೆ ಬಿಟ್ಟಿದ್ದರೆ ಹಾಸಿನ ಎಳೆ ಹರಿದಿದೆಯೆಂದು ನೇಕಾರ ತಿಳಿಯುತ್ತಾನೆ. ಅಡ್ಡಕ್ಕೆ ಬಿಟ್ಟಿದ್ದರೆ ಹೊಕ್ಕಿನ ಎಳೆ. ಬಳ್ಳಿಯೋ ನವಿಲೋ ಮರುಕಳಿಸಿದಾಗಲೆಲ್ಲ ಅದೇ ಜಾಗದಲ್ಲಿ ತಪ್ಪು ಬರುತ್ತಿದ್ದರೆ ಎಳೆಯಲ್ಲಿ ದೋಷವಿಲ್ಲ. ಜಕಾರ್ಡಿನ ರಟ್ಟುಗಳಲ್ಲೊಂದರ ತೂತು ತಪ್ಪಿದೆ. ದೋಷದ ಆಕಾರವೇ ದೋಷದ ವಿಳಾಸ. ಅದನ್ನು ಓದದೆ ಎಲ್ಲ ಎಳೆಗಳನ್ನೂ ಕತ್ತರಿಸಿ ಮತ್ತೆ ಹಾಸು ಹೂಡುವ ನೇಕಾರನನ್ನು ಯಾರೂ ಜಾಣನೆನ್ನರು.

ಈ ಹೋಲಿಕೆ ಬರಿಯ ಅಲಂಕಾರವೂ ಅಲ್ಲ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡ್ ೧೮೦೪ರಲ್ಲಿ ಪ್ರಸಿದ್ಧಿಗೆ ತಂದ ತೂತುರಟ್ಟಿನ ಮಗ್ಗದಿಂದಲೇ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಕಲ್ಪನೆಗೆ ಸೂಚನೆ ಪಡೆದ. ೧೮೯೦ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲೆರಿತ್ ತೂತುರಟ್ಟುಗಳಿಂದಲೇ ಎಣಿಸಿದ. ಮಗ್ಗವೂ ಗಣಕವೂ ದೂರದ ದಾಯಾದಿಗಳು.

ಮಗ್ಗದ ಪಾಠದಿಂದ ಮೂರು ನಿಯಮಗಳು ಹೊರಡುತ್ತವೆ. ಮೊದಲನೆಯದು, ಕಂಡುದನ್ನು ಕಂಡಂತೆಯೇ ಓದುವುದು. ಎರಡನೆಯದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು. ಮೂರನೆಯದು, ಮಾಡಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು. ಐದು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವನಿಗೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಕೆಟ್ಟರೂ ಯಾವುದರಿಂದ ಕೆಟ್ಟಿತೆಂದು ತಿಳಿಯದು.

ಕೈಹಾಕುವ ಮುನ್ನ

ಲಿನಕ್ಸಿನ ಸ್ಥಾಪನೆಯಲ್ಲಿ ಮರಳಿ ಬಾರದ ನಷ್ಟವೊಂದಿದ್ದರೆ ಅದು ಡಿಸ್ಕಿನಲ್ಲಿರುವ ಕಡತಗಳದು. ಮಿಕ್ಕ ತಪ್ಪುಗಳನ್ನೆಲ್ಲ ತಿದ್ದಬಹುದು. ಆದುದರಿಂದ ಚಿತ್ರ, ಪತ್ರ, ದಾಖಲೆಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಮಾಡಿ, ಆ ಡಿಸ್ಕನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿ, ಆ ಬಳಿಕ ಕೈಹಾಕಬೇಕು. ಪ್ರತಿ ಮಾಡಿದರೆ ಸಾಲದು, ತೆರೆದು ನೋಡಬೇಕು. ವಿಂಡೋಸಿನ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಬಿದ್ದಿದ್ದರೆ ಅದರ ೪೮ ಅಂಕಿಗಳ ಮರುಗಳಿಕೆಯ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದಿಡುವುದು ಅವಶ್ಯ.

ಅನಂತರ ಲಿನಕ್ಸಿನ ಕಡತವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಪೆನ್‌ಡ್ರೈವಿಗೆ ಬರೆಯುವ ಕೆಲಸ. ಕಡತವು ಕೆಲವು ಗಿಗಾಬೈಟುಗಳಷ್ಟು ದೊಡ್ಡದು. ಸಂಪರ್ಕ ಕಡಿದು ಅರೆಬರೆಯಾಗಿ ಇಳಿಯುವುದುಂಟು. ಅಂಥ ಕಡತದಿಂದ ಸ್ಥಾಪಿಸಹೊರಟರೆ ನಡುವೆ ಎಲ್ಲಿಯೋ ನಿಂತು, ದೋಷ ಯಂತ್ರದ್ದೆಂದು ತೋರುತ್ತದೆ. ಇದಕ್ಕೆ ಪ್ರಕಾಶಕರು ಒಂದು ಉಪಾಯ ಮಾಡಿದ್ದಾರೆ. ಪ್ರತಿ ಕಡತಕ್ಕೂ ‘ಶಾ-೨೫೬’ ಎಂಬ ಲೆಕ್ಕದಿಂದ ಬರುವ ೬೪ ಅಕ್ಷರಗಳ ಒಂದು ಬೆರಳಚ್ಚನ್ನು ಅವರು ಪ್ರಕಟಿಸುತ್ತಾರೆ. ಇಳಿಸಿಕೊಂಡ ಕಡತದ ಬೆರಳಚ್ಚು ಅದಕ್ಕೆ ಅಕ್ಷರಶಃ ಹೊಂದಬೇಕು. ಒಂದೇ ಒಂದು ಚುಕ್ಕೆಯಷ್ಟು ವ್ಯತ್ಯಾಸವಾಗಿದ್ದರೂ ಬೆರಳಚ್ಚು ಪೂರಾ ಬದಲಾಗುತ್ತದೆ. ಎರಡು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ಎರಡು ದಿನ ಕಳೆದುಕೊಳ್ಳುವವರು ಕಡಮೆಯಲ್ಲ.

ಪೆನ್‌ಡ್ರೈವ್ ಹಾಕಿದರೂ ಹಳೆಯ ವಿಂಡೋಸೇ ಏಳುತ್ತಿದ್ದರೆ, ಯಂತ್ರವು ಮೊದಲು ಡಿಸ್ಕಿನ ಬಾಗಿಲನ್ನು ತಟ್ಟುತ್ತಿದೆಯೆಂದು ಅರ್ಥ. ಯಂತ್ರ ಏಳುವಾಗಲೇ ಎಫ್-೧೨, ಎಫ್-೨ ಅಥವಾ ಎಸ್ಕೇಪ್ ಕೀಲಿಗಳಲ್ಲಿ ಆಯಾ ತಯಾರಕರು ಗೊತ್ತುಮಾಡಿದ್ದನ್ನು ಒತ್ತಿ, ಪೆನ್‌ಡ್ರೈವನ್ನು ಆರಿಸಬೇಕು. ಸ್ಥಾಪಿಸುವ ಮೊದಲು ‘ಪರೀಕ್ಷಿಸಿ ನೋಡು’ ಎಂಬ ಆಯ್ಕೆಯೊಂದು ಹೆಚ್ಚಿನ ಸಿದ್ಧರೂಪಗಳಲ್ಲಿ ಇದೆ. ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ಪೆನ್‌ಡ್ರೈವಿನಿಂದಲೇ ಓಡುತ್ತದೆ. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಕನ್ನಡ ಕಾಣುತ್ತದೆಯೇ ಎಂಬುದನ್ನೆಲ್ಲ ಅಲ್ಲಿಯೇ ನೋಡಿಕೊಳ್ಳಬಹುದು. ಹೆಣ್ಣು ನೋಡುವ ಶಾಸ್ತ್ರಕ್ಕೂ ಧಾರೆಗೂ ನಡುವೆ ವಿಚಾರಿಸಿಕೊಳ್ಳಲು ಹಿರಿಯರು ಅವಕಾಶ ಇಟ್ಟುಕೊಂಡಂತೆ ಇದು. ಮುಂದೆ ‘ಡಿಸ್ಕನ್ನು ಅಳಿಸಿ ಸ್ಥಾಪಿಸು’, ‘ವಿಂಡೋಸಿನ ಜೊತೆಯಲ್ಲಿ ಸ್ಥಾಪಿಸು’ ಎಂಬ ಎರಡು ದಾರಿಗಳು ಬರುತ್ತವೆ. ಅವಸರವೇ ಕೂಡದ ಜಾಗ ಅದೊಂದೇ.

‘ಕ್ವಯಟ್’ ಎಂಬ ಒಂದು ಪದ

ಸ್ಥಾಪನೆ ಮುಗಿದು ಯಂತ್ರವನ್ನು ಮತ್ತೆ ಎಬ್ಬಿಸಿದಾಗ ತೆರೆ ಕಪ್ಪಾಗಿಯೇ ಉಳಿದರೆ? ಇಲ್ಲಿ ಒಂದು ಸ್ವಾರಸ್ಯವಿದೆ. ಲಿನಕ್ಸನ್ನು ಎಬ್ಬಿಸುವ ಆಜ್ಞೆಯ ಸಾಲಿನಲ್ಲಿ ‘ಕ್ವಯಟ್’, ‘ಸ್ಪ್ಲ್ಯಾಶ್’ ಎಂಬ ಎರಡು ಪದಗಳನ್ನು ಸಾಮಾನ್ಯವಾಗಿ ಸೇರಿಸಿರುತ್ತಾರೆ. ‘ಮಾತನಾಡಬೇಡ, ಚಿತ್ರ ತೋರಿಸು’ ಎಂದು ಅದರ ತಾತ್ಪರ್ಯ. ಗೃಹಸ್ಥರು ಹೆದರದಿರಲೆಂದು ಮಾಡಿದ ಏರ್ಪಾಡು ಅದು. ಆದರೆ ತೊಂದರೆಯಾದಾಗ ಈ ಮೌನವೇ ಶತ್ರು. ಯಂತ್ರ ಏಳುವಾಗ ಶಿಫ್ಟ್ ಅಥವಾ ಎಸ್ಕೇಪ್ ಕೀಲಿಯಿಂದ ‘ಗ್ರಬ್’ ಎಂಬ ಪಟ್ಟಿಯನ್ನು ತೆರೆದು, ‘ಇ’ ಕೀಲಿ ಒತ್ತಿ, ಆ ಎರಡು ಪದಗಳನ್ನು ಅಳಿಸಿ, ಎಫ್-೧೦ ಒತ್ತಿದರೆ ಯಂತ್ರವು ತಾನು ಮಾಡುವ ಒಂದೊಂದು ಕೆಲಸವನ್ನೂ ಸಾಲುಸಾಲಾಗಿ ಹೇಳುತ್ತ ಏಳುತ್ತದೆ. ನಿಂತ ಕಡೆಯ ಸಾಲುಗಳೇ ಮುಖ್ಯ. ಅವನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡರೆ ಸಾಕು. ಹೀಗೆ ಮಾಡಿದ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ. ಮರುಸಲ ಎಲ್ಲ ಮೊದಲಿನಂತೆಯೇ ಇರುತ್ತದೆ. ಆದ್ದರಿಂದ ಹೆದರುವ ಕಾರಣವಿಲ್ಲ.

ಕಡೆಯ ಸಾಲುಗಳು ಚಿತ್ರಫಲಕದ ಮಾತೆತ್ತಿದ್ದರೆ, ಅದೇ ಜಾಗದಲ್ಲಿ ‘ನೋಮೋಡ್‌ಸೆಟ್’ ಎಂಬ ಪದವನ್ನು ಸೇರಿಸಿ ನೋಡಬಹುದು. ಚಿತ್ರಫಲಕದ ವಿಶೇಷ ಶಕ್ತಿಗಳನ್ನು ಬಿಟ್ಟು ಸಾದಾ ರೀತಿಯಲ್ಲಿ ತೆರೆ ಬೆಳಗಿಸು ಎಂದು ಅದರ ಅರ್ಥ. ಎನ್‌ವಿಡಿಯಾ ಫಲಕವಿರುವ ಯಂತ್ರಗಳಲ್ಲಿ ಈ ಉಪಾಯ ಅನೇಕ ಸಲ ಫಲಿಸುತ್ತದೆ. ತೆರೆ ಬೆಳಗಿದ ಮೇಲೆ ತಕ್ಕ ಡ್ರೈವರನ್ನು ಸ್ಥಾಪಿಸಿ ಆ ಪದವನ್ನು ಬಿಟ್ಟುಬಿಡಬೇಕು. ಇದು ಊರುಗೋಲು, ಕಾಲಲ್ಲ.

ಐದೂವರೆ ಗಂಟೆಯ ಒಗಟು

ವಿಂಡೋಸನ್ನೂ ಲಿನಕ್ಸನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡವರಿಗೆ ವಿಚಿತ್ರವಾದ ಒಂದು ತೊಂದರೆ ಕಾಣುತ್ತದೆ. ಲಿನಕ್ಸನ್ನು ಬಳಸಿ, ಮತ್ತೆ ವಿಂಡೋಸಿಗೆ ಬಂದರೆ ಗಡಿಯಾರ ತಪ್ಪಿರುತ್ತದೆ. ಸಂಜೆ ಆರು ಗಂಟೆಯಾಗಿದ್ದರೆ ಮಧ್ಯಾಹ್ನ ಹನ್ನೆರಡೂವರೆ ಎನ್ನುತ್ತದೆ. ಬ್ಯಾಟರಿ ಹೋಯಿತೆಂದು ಅಂಗಡಿಗೆ ಓಡುವ ಮುಂಚೆ ವ್ಯತ್ಯಾಸವೆಷ್ಟೆಂದು ಲೆಕ್ಕ ಹಾಕಬೇಕು. ಸರಿಯಾಗಿ ಐದೂವರೆ ಗಂಟೆ! ಭಾರತದ ಕಾಲಮಾನವು ಜಾಗತಿಕ ಕಾಲಮಾನಕ್ಕಿಂತ ಮುಂದಿರುವುದೂ ಅಷ್ಟೇ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಕಾಲವನ್ನು ಬರೆದಿಡುತ್ತದೆ. ವಿಂಡೋಸ್ ಅದನ್ನೇ ಭಾರತದ ಕಾಲವೆಂದು ಓದುತ್ತದೆ. ಇಬ್ಬರಲ್ಲಿ ಯಾರದೂ ತಪ್ಪಲ್ಲ. ಸಂಪ್ರದಾಯ ಬೇರೆ ಬೇರೆ. ಸ್ಥಳೀಯ ಕಾಲವನ್ನೇ ಬರೆದಿಡುವಂತೆ ಲಿನಕ್ಸಿಗೆ ಒಂದು ಆಜ್ಞೆ ಕೊಟ್ಟರೆ ಜಗಳ ಮುಗಿಯುತ್ತದೆ.

ಯಂತ್ರವನ್ನು ಆರಿಸಿ ಹಚ್ಚಿದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿದ್ದರೆ ಆಗ ಮಾತ್ರ ಒಳಗಿನ ಗುಂಡಿಬ್ಯಾಟರಿ ಸತ್ತಿದೆಯೆಂದು ತಿಳಿಯಬೇಕು. ಮೂರು ವೋಲ್ಟಿನ ನಾಣ್ಯದಂಥ ಆ ಬ್ಯಾಟರಿಗೆ ಬೆಲೆ ಅತ್ಯಲ್ಪ. ಆದರೆ ಅದರ ಉಪದ್ರವ ದೊಡ್ಡದು. ತಾರೀಖು ತಪ್ಪಿದ ಯಂತ್ರಕ್ಕೆ ಜಾಲತಾಣಗಳ ಗುರುತುಪತ್ರಗಳು ಇನ್ನೂ ಜಾರಿಗೆ ಬಂದಿಲ್ಲವೆಂದು ತೋರುತ್ತದೆ. ಬ್ಯಾಂಕಿನ ತಾಣ ತೆರೆಯದು. ಹೊಸ ಕಡತಗಳು ಇಳಿಯವು. ಇಂಟರ್ನೆಟ್ ಕೆಟ್ಟಿತೆಂದು ಗೃಹಸ್ಥ ದೂರುತ್ತಾನೆ, ಕೆಟ್ಟದ್ದು ಗಡಿಯಾರ. ತೆರೆಯ ಮೇಲೆ ಬಂದ ಎಚ್ಚರಿಕೆಯನ್ನು ಪೂರ್ತಿ ಓದಿದ್ದರೆ ಅದರಲ್ಲಿಯೇ ತಾರೀಖಿನ ಮಾತಿರುತ್ತದೆ.

ಬೆಟ್ಟದ ದಾರಿಯ ಮನೆಗಳು

ಹಿಂದೆ ಕೊಳ್ಳೇಗಾಲ ತಾಲೂಕಿಗೆ ಸೇರಿದ್ದು ಆಮೇಲೆ ತಾನೇ ತಾಲೂಕಾದ ಹನೂರಿನಿಂದ ಮಲೆಮಹದೇಶ್ವರ ಬೆಟ್ಟದ ಕಡೆಗೆ ಹೊರಟರೆ ದಾರಿ ಕಾಡಿನೊಳಕ್ಕೆ ತಿರುಗುತ್ತದೆ. ಕೊಳ್ಳೇಗಾಲದಿಂದ ಬೆಟ್ಟಕ್ಕೆ ೭೦ ಕಿಲೋಮೀಟರಿಗೂ ಮಿಕ್ಕ ದೂರ. ಅಂಥ ಕಡೆಯ ಮನೆಗೆ ‘ಆನ್‌ಲೈನಿನಲ್ಲಿ ನೋಡಿಕೊಳ್ಳಿ’ ಎಂಬ ಸಲಹೆಯಿಂದ ಪ್ರಯೋಜನ ಕಡಮೆ.

ಸ್ಥಾಪನೆಯಾದ ಮೇಲೆ ವೈಫೈಯೇ ಕಾಣದಿರುವುದು ಲಿನಕ್ಸಿನ ಹಳೆಯ ವ್ಯಾಧಿಗಳಲ್ಲೊಂದು. ಕಾರಣವಿಷ್ಟೆ: ವೈಫೈ ಚಿಪ್ಪು ಕೆಲಸ ಮಾಡಬೇಕಾದರೆ ಅದರ ತಯಾರಕರು ಬರೆದ ‘ಫರ್ಮ್‌ವೇರ್’ ಎಂಬ ಕಡತ ಬೇಕು. ಅದರ ಮೂಲ ಬರಹವನ್ನು ತಯಾರಕರು ಬಿಟ್ಟುಕೊಡದ ಕಾರಣ ಡೆಬಿಯನ್ನಿನವರು ಬಹುಕಾಲ ಅದನ್ನು ತಮ್ಮ ಅಧಿಕೃತ ಸ್ಥಾಪನಾ ಕಡತದಲ್ಲಿ ಸೇರಿಸಿರಲಿಲ್ಲ. ೨೦೨೩ರ ಜೂನಿನಲ್ಲಿ ಬಂದ ಡೆಬಿಯನ್ ೧೨ರಿಂದ ಸೇರಿಸಿದ್ದಾರೆ. ಹೀಗಾಗಿ ಹಳೆಯ ಆವೃತ್ತಿಯ ಬದಲು ಹೊಸದನ್ನು ತಂದರೆ ಅರ್ಧ ತೊಂದರೆ ತಾನಾಗಿ ಹೋಗುತ್ತದೆ. ಆದರೂ ವೈಫೈ ಏಳದಿದ್ದರೆ ‘ಡಿ-ಮೆಸೇಜ್’ ಎಂದು ಕರೆಯುವ ಆಜ್ಞೆಯು ತಿರುಳಿನ ಮಾತುಗಳನ್ನೆಲ್ಲ ತೋರಿಸುತ್ತದೆ. ಯಾವ ಫರ್ಮ್‌ವೇರ್ ಕಡತ ಸಿಗಲಿಲ್ಲವೆಂದು ಹೆಸರು ಸಮೇತ ಅಲ್ಲಿ ಬರೆದಿರುತ್ತದೆ.

ಆ ಕಡತವನ್ನು ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಆ ಕಡತ ಬೇಕು ಎಂಬ ಇಕ್ಕಟ್ಟಿಗೆ ಒಂದು ಸರಳ ದಾರಿಯಿದೆ. ಫೋನನ್ನು ಕೇಬಲಿನಿಂದ ಯಂತ್ರಕ್ಕೆ ಕಟ್ಟಿ, ಫೋನಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಎಂಬುದನ್ನು ತೆರೆದರೆ ಫೋನಿನ ಸಂಪರ್ಕ ಯಂತ್ರಕ್ಕೂ ಹರಿಯುತ್ತದೆ. ಫೋನಿಗೂ ಸಂಕೇತ ಸಿಗದ ಊರಾದರೆ, ಬೇಕಾದ ಕಡತದ ಹೆಸರನ್ನು ಬರೆದುಕೊಂಡು, ಕೊಳ್ಳೇಗಾಲಕ್ಕೋ ಹನೂರಿಗೋ ಸಂತೆಗೆ ಹೋದ ದಿನ ಪೆನ್‌ಡ್ರೈವಿನಲ್ಲಿ ತಂದು ಸ್ಥಾಪಿಸಬಹುದು. ಹೆಸರು ಬರೆದುಕೊಳ್ಳದೆ ಹೋದವನು ಮತ್ತೊಂದು ಸಂತೆಗೆ ಕಾಯಬೇಕಾಗುತ್ತದೆ.

ದಫ್ತರದ ಮಹಿಮೆ

ಕರ್ನಾಟಕದ ಅತಿ ಚಿಕ್ಕ ತಾಲೂಕುಗಳಲ್ಲೊಂದಾದ ಯಳಂದೂರು, ೧೭೯೯ರಿಂದ ೧೮೧೧ರವರೆಗೆ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರಿಗೆ ೧೮೦೭ರಲ್ಲಿ ಜಹಗೀರಾಗಿ ಬಂದ ಊರು. ಲೆಕ್ಕಪತ್ರದ ನೈಪುಣ್ಯದಿಂದಲೇ ಮೇಲೆ ಬಂದವರು ಅವರು. ಹೈದರ್, ಟಿಪ್ಪು, ಬಳಿಕ ಒಡೆಯರು, ಹೀಗೆ ದೊರೆಗಳು ಬದಲಾದರೂ ಅವರ ಕೈಯ ಲೆಕ್ಕಕ್ಕೆ ಬೆಲೆ ಕುಗ್ಗಲಿಲ್ಲ.

ಯುನಿಕ್ಸ್ ಮನೆತನದ ವ್ಯವಸ್ಥೆಗಳಿಗೂ ಇಂಥದೇ ದಫ್ತರದ ಗೀಳು. ಯಾರು ಯಾವಾಗ ಒಳಬಂದರು, ಯಾವ ಸಾಧನ ಉತ್ತರ ಕೊಡಲಿಲ್ಲ, ಯಾವ ಕೆಲಸ ಅರ್ಧಕ್ಕೆ ನಿಂತಿತು ಎಂಬುದೆಲ್ಲ ಗಂಟೆ, ನಿಮಿಷ, ಸೆಕೆಂಡುಗಳೊಡನೆ ದಾಖಲಾಗುತ್ತದೆ. ಈಗಿನ ಹೆಚ್ಚಿನ ಲಿನಕ್ಸುಗಳಲ್ಲಿ ‘ಜರ್ನಲ್-ಸಿ-ಟಿ-ಎಲ್’ ಎಂಬ ಆಜ್ಞೆಯಿಂದ ಈ ದಫ್ತರವನ್ನು ತೆರೆಯಬಹುದು. ನಿನ್ನೆ ರಾತ್ರಿ ಯಂತ್ರ ಇದ್ದಕ್ಕಿದ್ದಂತೆ ನಿಂತುಹೋಯಿತೇ? ಹಿಂದಿನ ಸಲದ ದಾಖಲೆಯ ಕೊನೆಯ ಪುಟವನ್ನು ಓದಿದರಾಯಿತು.

ಕಡತಗಳನ್ನಿಡುವ ಏರ್ಪಾಡಿನಲ್ಲಿಯೂ ಇದೇ ನೀತಿ. ಲಿನಕ್ಸಿನಲ್ಲಿ ಬಹಳವಾಗಿ ಬಳಕೆಯಲ್ಲಿರುವ ‘ಎಕ್ಸ್ಟ್-೪’ ಎಂಬ ಪದ್ಧತಿಯು ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಗುರುತಿಸಿಕೊಂಡು ಆಮೇಲೆ ಸ್ಥಳದಲ್ಲಿ ಬರೆಯುತ್ತದೆ. ನಡುವೆ ವಿದ್ಯುತ್ತು ಹೋದರೆ, ಮತ್ತೆ ಬಂದಾಗ ದಿನಚರಿಯನ್ನು ನೋಡಿ ಡಿಸ್ಕಿನ ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳುತ್ತದೆ. ಹೊಸ ಕಡತಗಳನ್ನು ಸ್ಥಾಪಿಸುತ್ತಿದ್ದಾಗ ಕರೆಂಟು ಹೋದರೂ ಕಥೆ ಮುಗಿಯುವುದಿಲ್ಲ. ಮರುದಿನ ಯಾವುದನ್ನು ಸ್ಥಾಪಿಸಹೋದರೂ ಡೆಬಿಯನ್, ಉಬುಂಟುಗಳು ನಿರಾಕರಿಸುತ್ತವೆ. ಆದರೆ ನಿರಾಕರಿಸುವ ಆ ಸಾಲಿನಲ್ಲಿಯೇ ‘ಹಿಂದಿನ ಕೆಲಸ ಅರ್ಧಕ್ಕೆ ನಿಂತಿದೆ, ಇಂಥ ಆಜ್ಞೆಯನ್ನು ಕೊಟ್ಟು ಸರಿಪಡಿಸಬೇಕು’ ಎಂದು ಆಜ್ಞೆಯನ್ನೂ ಬರೆದು ತೋರಿಸುತ್ತವೆ. ಅದನ್ನು ಇದ್ದಂತೆಯೇ ಬೆರಳಚ್ಚಿಸಿದರೆ ಉಳಿದ ಕೆಲಸ ಪೂರ್ತಿಯಾಗುತ್ತದೆ. ರೋಗಿಗೆ ಬಾಧೆಯ ಜೊತೆಗೆ ಔಷಧದ ಚೀಟಿಯೂ ಬಂದಂತೆ. ಆದರೂ ಎಷ್ಟೋ ಜನ ಆ ಚೀಟಿಯನ್ನು ಓದದೆ ಇಡೀ ವ್ಯವಸ್ಥೆಯನ್ನು ಅಳಿಸಿ ಮೊದಲಿನಿಂದ ಹಾಕುತ್ತಾರೆ.

ಕನ್ನಡದ ಮೂರು ಕಾಯಿಲೆಗಳು

ಇಷ್ಟೆಲ್ಲ ಸರಿಹೋಗಿ ಕನ್ನಡವೇ ಕಾಣದಿದ್ದರೆ ಕನ್ನಡಿಗರ ಮನೆಗೆ ಆ ಯಂತ್ರ ಪೂರ್ತಿ ಬಂದಂತಾಗಲಿಲ್ಲ. ಇಲ್ಲಿಯೂ ದೋಷದ ಆಕಾರವೇ ವಿಳಾಸ.

ಅಕ್ಷರಗಳ ಬದಲು ಬರಿಯ ಚೌಕಗಳು ಕಂಡರೆ ಯಂತ್ರದಲ್ಲಿ ಕನ್ನಡದ ಫಾಂಟಿಲ್ಲ. ಲೋಹಿತ್, ನೋಟೊ, ಹಾಗೂ ಅರವಿಂದ ವಿ.ಕೆ. ಅವರು ರೂಪಿಸಿದ ಗುಬ್ಬಿ, ನವಿಲು ಮೊದಲಾದ ಮುಕ್ತ ಫಾಂಟುಗಳಲ್ಲಿ ಯಾವುದನ್ನಾದರೂ ಸ್ಥಾಪಿಸಿದರೆ ಕಾಯಿಲೆ ವಾಸಿ.

ಅಕ್ಷರಗಳು ಕಂಡರೂ ಒತ್ತಕ್ಷರ ಕೂಡದೆ, ಗುಣಿತದ ಚಿಹ್ನೆ ಚುಕ್ಕೆಯ ವೃತ್ತದೊಡನೆ ಬೇರೆಯಾಗಿ ನಿಂತಿದ್ದರೆ, ಅಕ್ಷರಗಳನ್ನು ಬೆರಳಚ್ಚಿಸಿದ ಅನುಕ್ರಮ ತಪ್ಪಿರಬಹುದು. ಇಲ್ಲವೆ ಆ ತಂತ್ರಾಂಶಕ್ಕೆ ಕನ್ನಡವನ್ನು ಜೋಡಿಸುವ ಬಗೆ ತಿಳಿದಿಲ್ಲ. ಅದೇ ಬರಹ ಬೇರೊಂದು ತಂತ್ರಾಂಶದಲ್ಲಿ ಸರಿಯಾಗಿ ಕಂಡರೆ ದೋಷ ಮೊದಲನೆಯದರದು. ಎಲ್ಲೆಡೆಯೂ ತಪ್ಪಾಗಿ ಕಂಡರೆ ದೋಷ ಬರಹದ್ದೇ.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವಂಥದು. ಹಿಂದೆ ಮದುವೆಯ ಕರೆಯೋಲೆಯೋ ಸಂಘದ ವರದಿಯೋ ಕನ್ನಡದಲ್ಲಿ ಮಾಡಿಸಿದ್ದ ಕಡತವನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ, ವಿಚಿತ್ರ ಚಿಹ್ನೆಗಳ ರಾಶಿ! ಕಡತ ಕೆಟ್ಟಿಲ್ಲ. ಯುನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಣುಕುಗಳನ್ನಿಟ್ಟು ಫಾಂಟು ಮಾಡುತ್ತಿದ್ದರು. ಆ ಫಾಂಟು ಇಲ್ಲದೆಡೆ ಒಳಗಿನ ಇಂಗ್ಲಿಷ್ ಸಂಕೇತಗಳೇ ಹೊರಬರುತ್ತವೆ. ಇಂಥ ಬರಹವನ್ನು ಯುನಿಕೋಡಿಗೆ ಮಾರ್ಪಡಿಸುವ ಉಚಿತ ಪರಿವರ್ತಕಗಳು ದೊರೆಯುತ್ತವೆ. ಆದ್ದರಿಂದ ಅಂಥ ಹಳೆಯ ಕಡತಗಳನ್ನು ಕೆಟ್ಟವೆಂದು ತಿಳಿದು ಅಳಿಸಬಾರದು. ಯುನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಿಂದಲೇ ೧೨೮ ಸ್ಥಾನಗಳ ಸ್ವಂತ ಮನೆಯಿದೆ. ಅಲ್ಲಿಗೆ ಸೇರಿದ ಬರಹಕ್ಕೆ ಮುಂದೆ ಈ ಬಾಡಿಗೆಯ ಬವಣೆ ಇರದು.

ಬೆರಳಚ್ಚಿನ ವಿಷಯದಲ್ಲಿ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು ‘ಕಗಪ’ ಎಂದು ಹೆಸರಾದ ಕೀಲಿಮಣೆ ಲಿನಕ್ಸಿನ ಪಟ್ಟಿಯಲ್ಲಿಯೇ ಇದೆ, ಹೊರಗಿನಿಂದ ತರಬೇಕಾಗಿಲ್ಲ. ಭಾಷೆಯ ಹೊಂದಾಣಿಕೆಯಲ್ಲಿ ಅದನ್ನು ಆರಿಸಿದರೆ ಸಾಕು. ‘ಒತ್ತಕ್ಷರವೇ ಬರುತ್ತಿಲ್ಲ’ ಎಂದು ದೂರುವವರು ಹೆಚ್ಚಾಗಿ ಮರೆಯುವುದು ‘ಎಫ್’ ಕೀಲಿಯನ್ನು. ‘ಅಕ್ಕ’ ಎಂದಾಗಬೇಕಾದರೆ ಎರಡು ‘ಕ’ಗಳ ನಡುವೆ ಅದನ್ನು ಒತ್ತಬೇಕು. ಇನ್ನು ಮಗಳಿಗೆ ಬಂದ ‘ರ‍್ಯಾಂಕ್’ ಎಂಬುದನ್ನು ಬರೆಯಹೋದರೆ ಅರ್ಕಾವೊತ್ತು ಬಂದು ಪದ ವಿಕಾರವಾಗುವುದುಂಟು. ‘ರ’ಕಾರಕ್ಕೂ ಅದರ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ‘ಜೋಡುಗ’ವೊಂದನ್ನು ಸೇರಿಸುವುದೇ ಅದಕ್ಕೆ ಮದ್ದು.

೧೯೫೬ರ ನವೆಂಬರ್ ೧ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಕಡೆ ಕನ್ನಡ, ತಮಿಳು ಎರಡೂ ಮನೆಮಾತಾಗಿರುವ ಸಂಸಾರಗಳುಂಟು. ಅವರು ಎರಡೂ ಕೀಲಿಮಣೆಗಳನ್ನು ಸೇರಿಸಿಕೊಂಡು, ಒಂದು ಕೀಲಿಜೋಡಿಯಿಂದ ಒಂದರಿಂದ ಇನ್ನೊಂದಕ್ಕೆ ದಾಟುತ್ತಿರಬಹುದು. ನಾಲಗೆ ದಿನವೂ ಮಾಡುವ ಕೆಲಸವನ್ನು ಬೆರಳು ಕಲಿಯಲು ಹೆಚ್ಚು ಹೊತ್ತು ಬೇಕಾಗದು.

ಕೇಳುವ ಕ್ರಮ, ನಿಲ್ಲುವ ಕ್ರಮ

ಎಲ್ಲವನ್ನೂ ಒಬ್ಬನೇ ಬಿಡಿಸಿಕೊಳ್ಳಬೇಕೆಂಬ ಹಟವೂ ಬೇಡ. ಆದರೆ ಕೇಳುವುದಕ್ಕೂ ಒಂದು ಕ್ರಮವಿದೆ. ವೈದ್ಯರ ಬಳಿ ‘ಮೈ ಸರಿಯಿಲ್ಲ’ ಎಂದರೆ ಅವರು ಏನು ತಾನೇ ಮಾಡಿಯಾರು? ‘ಯಂತ್ರ ಕೆಲಸ ಮಾಡುತ್ತಿಲ್ಲ’ ಎಂಬ ದೂರೂ ಅಷ್ಟೇ. ಯಂತ್ರ ಯಾವುದು, ಲಿನಕ್ಸಿನ ಆವೃತ್ತಿ ಯಾವುದು, ಏನು ಮಾಡಿದಾಗ ಏನಾಯಿತು, ತೆರೆಯ ಮೇಲೆ ಬಂದ ಸಾಲು ಅಕ್ಷರಶಃ ಯಾವುದು, ಆ ಮೊದಲು ಏನನ್ನು ಬದಲಿಸಿತ್ತು: ಈ ಐದನ್ನು ಹೇಳಿದವನಿಗೆ ಉತ್ತರ ಬೇಗ ಸಿಗುತ್ತದೆ. ಬಂದ ಉತ್ತರವನ್ನು ಕಣ್ಣು ಮುಚ್ಚಿ ಬೆರಳಚ್ಚಿಸುವುದೂ ತಪ್ಪು. ‘ಸುಡೋ’ ಎಂಬ ಪದದಿಂದ ಮೊದಲಾಗುವ ಆಜ್ಞೆಗೆ ಯಂತ್ರವು ಯಜಮಾನನ ಅಧಿಕಾರ ಕೊಡುತ್ತದೆ. ಇಡೀ ಡಿಸ್ಕನ್ನು ಅಳಿಸೆಂದರೂ ಅಳಿಸುತ್ತದೆ. ಅರ್ಥವಾಗದ ಕಾಗದಕ್ಕೆ ರುಜು ಹಾಕದವರು ಅರ್ಥವಾಗದ ಆಜ್ಞೆಗೂ ಎಂಟರ್ ಒತ್ತಬಾರದು.

ಲಿನಕ್ಸ್ ಎಲ್ಲರಿಗೂ ಒಗ್ಗೀತೆಂದು ಹೇಳಲಾಗದು. ವ್ಯಾಪಾರದ ಲೆಕ್ಕಕ್ಕೆ ವಿಂಡೋಸಿಗಾಗಿಯೇ ಮಾಡಿದ ತಂತ್ರಾಂಶವನ್ನು ನೆಚ್ಚಿದವರು, ವಿಂಡೋಸಿನಲ್ಲಿ ಮಾತ್ರ ನಡೆಯುವ ಡಿಜಿಟಲ್ ಸಹಿಯ ಸಾಧನ ಬಳಸುವವರು ಅವಸರಪಡದೆ ವಿಚಾರಿಸಿ ಮುಂದುವರಿಯುವುದು ಮೇಲು. ಪತ್ರ ಬರೆಯುವುದು, ಪಾಠ ನೋಡುವುದು, ಜಾಲತಾಣ ತೆರೆಯುವುದು, ಚಿತ್ರ ಕಾಪಿಡುವುದು ಇಷ್ಟೇ ಕೆಲಸವಿರುವ ಮನೆಗೆ ಹತ್ತು ವರ್ಷದ ಹಳೆಯ ಯಂತ್ರವೂ ಇನ್ನಷ್ಟು ವರ್ಷ ದುಡಿಯಬಲ್ಲದು.

ಅಂಥ ಮನೆಯಲ್ಲಿ ಯಂತ್ರದ ಪಕ್ಕ ಇರಬೇಕಾದ ಉಪಕರಣ ಒಂದೇ, ಇಪ್ಪತ್ತು ರೂಪಾಯಿನ ನೋಟುಬುಕ್ಕು. ತಾರೀಖು, ಕಂಡ ಸಾಲು, ಮಾಡಿದ ಒಂದು ಬದಲಾವಣೆ, ಅದರ ಫಲ. ದಿನಕ್ಕೆ ನಾಲ್ಕು ಸಾಲಿಗಿಂತ ಹೆಚ್ಚು ಬೇಕಾಗದು. ಆ ಪುಸ್ತಕ ಅರ್ಧ ತುಂಬುವಷ್ಟರಲ್ಲಿ, ಪಕ್ಕದ ಮನೆಯವರು ತಮ್ಮ ಕಪ್ಪು ತೆರೆಯ ಸಂಗತಿ ಕೇಳಲು ಬಂದಾಗ ತೆರೆದು ತೋರಿಸಲು ಅದರಲ್ಲಿ ಸಾಕಷ್ಟು ಪುಟಗಳಿರುತ್ತವೆ.